12ರ ನಂತರ ಕಾಲೇಜು ಪ್ರವೇಶ: ವಿದ್ಯಾರ್ಥಿ, ಪೋಷಕರು, ಶಾಲೆ - ಯಾರ ಹೊಣೆ ಯಾವುದು?

12ನೇ ತರಗತಿ ಅಥವಾ ದ್ವಿತೀಯ ಪಿಯುಸಿ ಮುಗಿಸಿ ಕಾಲೇಜು ಸೇರುವುದು ಈಗ ಒಂದು ಅರ್ಜಿ, ಒಂದು ಅಂಕಪಟ್ಟಿಯಲ್ಲಿ ಮುಗಿಯುವ ಕೆಲಸವಲ್ಲ. ಪ್ರವೇಶ ಪರೀಕ್ಷೆಗೆ ಒಂದು ವೆಬ್‌ಸೈಟ್, ಕೌನ್ಸೆಲಿಂಗ್‌ಗೆ ಇನ್ನೊಂದು, ದಾಖಲೆಗಳಿಗೆ ತಹಶೀಲ್ದಾರ್ ಕಚೇರಿ, ಶುಲ್ಕಕ್ಕೆ ಬ್ಯಾಂಕ್, ಇವೆಲ್ಲದರ ಮಧ್ಯೆ ಪರೀಕ್ಷೆಯ ಓದು. ಅಂಕ ಸಾಲದೆ ಸೀಟು ತಪ್ಪಿದರೆ ಮುಂದಿನ ದಾರಿ ಹುಡುಕಬಹುದು. ಅಂಕ, ರ್‍ಯಾಂಕ್ ಎರಡೂ ಇದ್ದು ಒಂದು ಪ್ರಮಾಣಪತ್ರಕ್ಕಾಗಿಯೋ ಒಂದು ದಿನಾಂಕಕ್ಕಾಗಿಯೋ ಸೀಟು ಕೈತಪ್ಪಿದರೆ ಆ ನೋವು ಮನೆಯಲ್ಲಿ ಬಹುಕಾಲ ಉಳಿಯುತ್ತದೆ.

ಇಂಥ ಪ್ರಸಂಗಗಳಲ್ಲಿ ಹೆಚ್ಚಾಗಿ ಯಾರೂ ಉದಾಸೀನ ಮಾಡಿರುವುದಿಲ್ಲ. 'ಶಾಲೆಯವರು ಹೇಳುತ್ತಾರೆ' ಎಂದು ಪೋಷಕರು, 'ಅಪ್ಪ ನೋಡಿಕೊಳ್ಳುತ್ತಾರೆ' ಎಂದು ಮಗ, 'ಇದು ಮನೆಯವರ ಕೆಲಸ' ಎಂದು ಶಾಲೆ ಅಂದುಕೊಂಡಿರುತ್ತದೆ. ಕೆಲಸ ಮೂವರ ನಡುವೆ ಬಿದ್ದುಹೋಗಿರುತ್ತದೆ. ಕರ್ನಾಟಕದ ಹೊರಗಿರುವ ಕನ್ನಡ ಕುಟುಂಬಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಏಕೆಂದರೆ ಅವರ ಮಕ್ಕಳು ಹುಟ್ಟೂರಿನ ರಾಜ್ಯ, ನೆಲೆಸಿದ ರಾಜ್ಯ ಎರಡರ ನಿಯಮಗಳ ನಡುವೆ ನಿಂತಿರುತ್ತಾರೆ. ಆದ್ದರಿಂದ ಯಾವ ಕೆಲಸ ಯಾರದು, ಅದನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ವಿಂಗಡಿಸಿ ನೀಡಲಾಗಿದೆ.

ಮೊದಲ ಹೊಣೆ ಪೋಷಕರದು: ಮಗು ಯಾವ ರಾಜ್ಯದ ಅಭ್ಯರ್ಥಿ?

ಈ ಪ್ರಶ್ನೆಗೆ ಉತ್ತರವನ್ನು 12ನೇ ತರಗತಿಯ ಫಲಿತಾಂಶ ಬಂದ ಮೇಲೆ ಹುಡುಕಿದರೆ ತಡವಾಗಿರುತ್ತದೆ. 10ನೇ ತರಗತಿ ಮುಗಿದು, 11ಕ್ಕೆ ಎಲ್ಲಿ ಸೇರಿಸಬೇಕು ಎಂದು ಮನೆಯಲ್ಲಿ ಚರ್ಚೆ ನಡೆಯುವಾಗಲೇ ಇದು ಇತ್ಯರ್ಥವಾಗಬೇಕು.

ಎನ್‌ಐಟಿಗಳನ್ನೇ ನೋಡಿ. ಅಲ್ಲಿ ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು. ಆದರೆ 'ಆಯಾ ರಾಜ್ಯದವರು' ಎಂಬುದನ್ನು ಜನ್ಮಸ್ಥಳವಾಗಲಿ, ಮನೆಮಾತಾಗಲಿ, ಆಧಾರ್ ಕಾರ್ಡಿನ ವಿಳಾಸವಾಗಲಿ ನಿರ್ಧರಿಸುವುದಿಲ್ಲ. 12ನೇ ತರಗತಿಯನ್ನು ಮೊದಲು ಎಲ್ಲಿ ಪಾಸು ಮಾಡಿದ್ದೀರಿ ಎಂಬುದಷ್ಟೇ ಲೆಕ್ಕ. ಮುಂಬೈಯಲ್ಲಿ 12 ಮುಗಿಸಿದ ಉಡುಪಿ ಮೂಲದ ಹುಡುಗಿಗೆ ತವರು ರಾಜ್ಯದ ಎನ್‌ಐಟಿ ನಾಗಪುರದ್ದು, ಸುರತ್ಕಲ್‌ನದ್ದಲ್ಲ. ಚೆನ್ನೈಯಲ್ಲಿ ಓದಿದವರಿಗೆ ತಿರುಚಿರಾಪಳ್ಳಿ, ಹೈದರಾಬಾದ್‌ನಲ್ಲಿ ಓದಿದವರಿಗೆ ವಾರಂಗಲ್. ಐಐಟಿಗಳಲ್ಲಿ ಇಂಥ ತವರು ರಾಜ್ಯದ ಕೋಟಾ ಇಲ್ಲ.

ದೆಹಲಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡಿಟಿಯು, ಎನ್‌ಎಸ್‌ಯುಟಿಯಂಥ ಸಂಸ್ಥೆಗಳಲ್ಲಿ ಶೇ.85ರಷ್ಟು ಸೀಟು ದೆಹಲಿ ವಲಯದವರಿಗೆ. ಅಲ್ಲಿಯೂ 12ರ ಶಾಲೆ ಎಲ್ಲಿದೆ ಎಂಬುದೇ ಮಾನದಂಡ. ಮನೆ ದೆಹಲಿಯಲ್ಲಿದ್ದು ಮಗ ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಓದಿದ್ದರೆ ಆತ ದೆಹಲಿ ವಲಯದ ಅಭ್ಯರ್ಥಿಯಲ್ಲ. ಶಾಲೆ ಬದಲಿಸುವಾಗ ಬಸ್ಸಿನ ದೂರ, ಶುಲ್ಕ ನೋಡುವ ಪೋಷಕರು ಇದನ್ನು ನೋಡುವುದು ಅಪರೂಪ.

ಬೇರೆ ರಾಜ್ಯಗಳ ಅಳತೆಗೋಲು ಬೇರೆ. ತಮಿಳುನಾಡಿನಲ್ಲಿ ಎಂಜಿನಿಯರಿಂಗ್‌ಗೆ ಪ್ರವೇಶ ಪರೀಕ್ಷೆ ಇಲ್ಲ, 12ರ ಅಂಕಗಳೇ ಆಧಾರ. 8ರಿಂದ 12ರವರೆಗೆ ಅಲ್ಲೇ ಓದಿದವರಿಗೆ ನೇಟಿವಿಟಿ ಪ್ರಮಾಣಪತ್ರ ಬೇಕಿಲ್ಲ. ತೆಲಂಗಾಣದಲ್ಲಿ ಅರ್ಹತಾ ಪರೀಕ್ಷೆಯೂ ಸೇರಿ ಕೊನೆಯ ಸತತ 4 ವರ್ಷ ಅಲ್ಲಿ ಓದಿದವರನ್ನು ಸ್ಥಳೀಯ ಅಭ್ಯರ್ಥಿಯೆಂದು ಪರಿಗಣಿಸಲಾಗುತ್ತದೆ. ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶದ ಮುಖ್ಯ ವರ್ಗಕ್ಕೆ 10 ಮತ್ತು 12 ಎರಡನ್ನೂ ರಾಜ್ಯದೊಳಗೆ ಮುಗಿಸಿರಬೇಕು, ಜೊತೆಗೆ ವಾಸ ಅಥವಾ ಜನನದ ದಾಖಲೆ ಇರಬೇಕು.

ಕರ್ನಾಟಕದ ಬಾಗಿಲು ಪೂರ್ತಿ ಮುಚ್ಚಿಲ್ಲ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಕೊಡಲು ಹಲವು ಅರ್ಹತಾ ಷರತ್ತುಗಳನ್ನು ಇಟ್ಟಿದೆ. ಎಲ್ಲರಿಗೂ ಗೊತ್ತಿರುವುದು 7 ವರ್ಷದ ನಿಯಮ: 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, 10 ಅಥವಾ 12ನ್ನು ಅಲ್ಲಿ ಪಾಸು ಮಾಡಿರಬೇಕು. ಹೊರನಾಡಿನ ಅನೇಕರು ಇಷ್ಟನ್ನೇ ಕೇಳಿ, ನಮಗೆ ಸಿಇಟಿ ಇಲ್ಲವೆಂದು ಕೈಬಿಡುತ್ತಾರೆ.

ಇದಲ್ಲದೆ ಇನ್ನೂ ಎರಡು ದಾರಿಗಳಿವೆ. ಮೊದಲನೆಯದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷವನ್ನು ಅಥವಾ 11, 12ನ್ನು ಕರ್ನಾಟಕದಲ್ಲಿ ಓದಿ ಪಾಸಾಗಿರುವುದು. ಎರಡನೆಯದು ಹೊರನಾಡ ಕನ್ನಡಿಗ, ಗಡಿನಾಡ ಕನ್ನಡಿಗ ವರ್ಗ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ಇದು ಅನ್ವಯ. ಇವರಿಗೆ ಕೆಇಎ ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ಉತ್ತೀರ್ಣರಾಗದಿದ್ದರೆ ಈ ವರ್ಗದಲ್ಲಿ ಅರ್ಹತೆ ಸಿಗುವುದಿಲ್ಲ. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದಲು, ಬರೆಯಲು ಬಾರದ ಮಕ್ಕಳು ಮುಂಬೈ, ಪುಣೆ, ದೆಹಲಿಯ ಮನೆಗಳಲ್ಲಿ ಕಡಿಮೆಯೇನಿಲ್ಲ. ಪರೀಕ್ಷೆಗೆ ವಾರವಿರುವಾಗ ಕಾಗುಣಿತ ಕಲಿಸಲು ಆಗುವುದಿಲ್ಲ. ಎರಡು ವರ್ಷ ಮೊದಲೇ ವಾರಕ್ಕೆರಡು ದಿನ ಕೂರಿಸಿಕೊಂಡು ಕಲಿಸುವುದು ಮನೆಯ ಹಿರಿಯರಿಂದಲೇ ಆಗಬೇಕು.

ಒಂದು ಉದಾಹರಣೆ ಊಹಿಸಿಕೊಳ್ಳಿ. ಅಪ್ಪ ಕುಂದಾಪುರದಲ್ಲಿ ಶಾಲೆ, ಕಾಲೇಜು ಮುಗಿಸಿ ಠಾಣೆಯಲ್ಲಿ ನೆಲೆಸಿದ್ದಾರೆ. ಮಗಳು 10ನ್ನು ಠಾಣೆಯಲ್ಲಿ ಮುಗಿಸಿದ್ದಾಳೆ. ಅಜ್ಜಿಮನೆಯಲ್ಲಿದ್ದು ಪಿಯುಸಿ ಓದಿದರೆ ಅಪ್ಪನ ಓದಿನ ಆಧಾರದ ಮೇಲೆ ಸಿಇಟಿ ಅರ್ಹತೆ ಸಿಗುತ್ತದೆ, ಸುರತ್ಕಲ್ ತವರು ರಾಜ್ಯದ ಎನ್‌ಐಟಿ ಆಗುತ್ತದೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಮುಖ್ಯ ವರ್ಗದ ಅರ್ಹತೆ ಕೈಬಿಡುತ್ತದೆ. ಯಾವುದು ಲಾಭ ಎಂಬುದು ಮಗಳ ಆಸೆ, ಓದುವ ಕೋರ್ಸ್, ಮನೆಯ ಸ್ಥಿತಿಗೆ ಬಿಟ್ಟದ್ದು. ಆದರೆ ಲೆಕ್ಕ ಹಾಕದೆ ಹೆಜ್ಜೆ ಇಡಬಾರದು. ಎಲ್ಲ ಸಂಸ್ಥೆಗೂ 7 ವರ್ಷದ ನಿಯಮವೇ ಎಂದೂ ತಿಳಿಯಬೇಡಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿ ಎನ್ನಿಸಿಕೊಳ್ಳಲು 10 ವರ್ಷ ಕರ್ನಾಟಕದಲ್ಲಿ ಓದಿರಬೇಕು.

ಮೀಸಲಾತಿ: ಊರು ಬದಲಾದರೆ ಲೆಕ್ಕವೂ ಬದಲು

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ವಲಸೆ ಹೋದ ಕುಟುಂಬಗಳು ಹೆಚ್ಚು ಎಚ್ಚರದಿಂದಿರಬೇಕು. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದ, ಚಿಕ್ಕಂದಿನಲ್ಲೇ ತಂದೆಯ ನೌಕರಿಯ ಕಾರಣ ಮುಂಬೈಗೆ ಬಂದು ಅಲ್ಲೇ ಓದಿದ ವಿದ್ಯಾರ್ಥಿಯೊಬ್ಬರು ಮಹಾರಾಷ್ಟ್ರದಲ್ಲಿ ಮೀಸಲಾತಿಯಡಿ ವೈದ್ಯಕೀಯ ಸೀಟು ಕೇಳಿದ್ದರು. ಮುಂಬೈನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ನೀಡಿತು. ಒಂದು ರಾಜ್ಯದಲ್ಲಿ ಪಡೆದ ಪರಿಶಿಷ್ಟ ಸ್ಥಾನಮಾನ ವಲಸೆ ಹೋದ ರಾಜ್ಯಕ್ಕೆ ತಾನಾಗಿಯೇ ಹಿಂಬಾಲಿಸಿ ಬರುವುದಿಲ್ಲ ಎಂಬುದು ಅದರ ಸಾರ.

ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಪಟ್ಟಿಯ ಆಧಾರದ ಮೇಲೆ ಸೌಲಭ್ಯ ಪಡೆಯಲು ಅವಕಾಶವಿದೆ. ಇದಕ್ಕೆ ತಂದೆಯ ಮೂಲ ಪ್ರಮಾಣಪತ್ರ ಬೇಕಾಗುತ್ತದೆ. ಹಿಂದುಳಿದ ವರ್ಗದವರು ಇನ್ನೊಂದು ಮಾತು ಗಮನಿಸಬೇಕು. ಕರ್ನಾಟಕದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಎನ್‌ಐಟಿ, ಐಐಟಿ ಕೌನ್ಸೆಲಿಂಗ್‌ನಲ್ಲಿ ಅದು ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದಾಗಿರಬೇಕು. ಕಳೆದ ವರ್ಷ ಅಣ್ಣನಿಗಾಗಿ ಮಾಡಿಸಿದ ಕಾಗದ ತಮ್ಮನಿಗೆ ನಡೆಯದು.

ಪೋಷಕರ ಉಳಿದ ಕೆಲಸ: ಕಾಗದ ಮತ್ತು ಹಣ

ಪ್ರಮಾಣಪತ್ರಗಳು ಸಿದ್ಧವಾಗಲು ವಾರಗಳು ಬೇಕು, ಕೌನ್ಸೆಲಿಂಗ್ ಕೊಡುವುದು ಕೆಲವೇ ದಿನ. ಪೋಷಕರ ಓದಿನ ಆಧಾರದ ಮೇಲೆ ಸಿಇಟಿ ಅರ್ಹತೆ ಕೇಳುವವರು ತಾವು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಬೇಕು. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳಲಾಗುತ್ತದೆ. ಮೂವತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕ ಹುಡುಕಿಸುವುದು ಒಂದು ದಿನದ ಮಾತಲ್ಲ. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಈ ಕೆಲಸವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಮಹಾರಾಷ್ಟ್ರದಲ್ಲಿರುವವರು ಮಗುವಿನ ಶಾಲಾ ವರ್ಗಾವಣೆ ಪತ್ರದಲ್ಲಿ 'ಮಾತೃಭಾಷೆ' ಎಂಬ ಅಂಕಣದಲ್ಲಿ ಏನು ಬರೆದಿದೆ ಎಂದು ಒಮ್ಮೆ ನೋಡಬೇಕು. ಕನ್ನಡ ಭಾಷಾ ಅಲ್ಪಸಂಖ್ಯಾತ ಸ್ಥಾನಮಾನವಿರುವ ಕಾಲೇಜುಗಳಲ್ಲಿ ಸೀಟುಗಳ ಒಂದು ಪಾಲು ಕನ್ನಡ ಭಾಷಿಕರಿಗೆ ಸಿಗುತ್ತದೆ. ಅಲ್ಲಿ ಕೇಳುವ ಪುರಾವೆ ಇದೇ. ಒಂದನೇ ತರಗತಿಗೆ ಸೇರಿಸುವ ದಿನ ಅವಸರದಲ್ಲಿ ಬೇರೆ ಭಾಷೆ ನಮೂದಾಗಿದ್ದರೆ, ಮಗು ಶಾಲೆಯಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ.

ಹಣದ ಮಾತನ್ನು ಮಕ್ಕಳಿಂದ ಮುಚ್ಚಿಡುವುದು ಒಳ್ಳೆಯದಲ್ಲ. ವರ್ಷಕ್ಕೆ ಎಷ್ಟು ಭರಿಸಬಹುದು, ಸಾಲ ಮಾಡುವುದಾದರೆ ಎಷ್ಟರವರೆಗೆ, ಹಾಸ್ಟೆಲ್ ಖರ್ಚು ಸೇರಿ ಲೆಕ್ಕವೇನು ಎಂಬುದನ್ನು ಕಾಲೇಜುಗಳ ಪಟ್ಟಿ ಮಾಡುವ ಮೊದಲೇ ಹೇಳಿಬಿಡಬೇಕು. ಸೀಟು ಸಿಕ್ಕ ಮೇಲೆ 'ಇಷ್ಟು ಕೊಡಲಾಗದು' ಎನ್ನುವುದು ಮಗುವಿಗೂ ಅನ್ಯಾಯ, ಆ ಹೊತ್ತಿಗೆ ಬೇರೆ ಬಾಗಿಲುಗಳೂ ಮುಚ್ಚಿರುತ್ತವೆ.

ವಿದ್ಯಾರ್ಥಿಯ ಹೊಣೆ: ವಿಷಯ, ಅರ್ಜಿ, ಆದ್ಯತೆ

ಓದುವುದು ವಿದ್ಯಾರ್ಥಿಯ ಕೆಲಸ ಎಂಬುದು ಸರಿಯೇ. ಆದರೆ ಅಷ್ಟೇ ಅಲ್ಲ. ಅರ್ಜಿಯನ್ನು ತಾನೇ ತುಂಬಬೇಕು, ಕನಿಷ್ಠ ತುಂಬುವಾಗ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಓದಬೇಕು. ತಿದ್ದುಪಡಿಗೆ ಸಾಮಾನ್ಯವಾಗಿ ಕೆಲವೇ ದಿನ ಅವಕಾಶ. ಕೆಲವು ಅಂಶಗಳನ್ನು ಆಗಲೂ ಬದಲಿಸಲು ಬರುವುದಿಲ್ಲ.

ಸಿಯುಇಟಿ ಬರೆಯುವವರು ವಿಷಯಗಳ ಆಯ್ಕೆಯಲ್ಲಿ ಎಡವುವುದು ಹೆಚ್ಚು. 2022ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ 2025ರಿಂದ ಗರಿಷ್ಠ 5 ವಿಷಯಗಳನ್ನು ಆಯ್ದುಕೊಳ್ಳಬಹುದು. ಪರೀಕ್ಷೆ ಪೂರ್ತಿ ಕಂಪ್ಯೂಟರ್‌ನಲ್ಲಿ, 13 ಭಾಷೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡವೂ ಇದೆ. 12ರಲ್ಲಿ ಓದದ ವಿಷಯವನ್ನೂ ಆರಿಸಿಕೊಳ್ಳಲು ಸಿಯುಇಟಿ ಅವಕಾಶ ಕೊಡುತ್ತದೆ. ಆದರೆ ದೆಹಲಿ ವಿಶ್ವವಿದ್ಯಾಲಯದ ನಿಯಮ ಬೇರೆ: ಅಲ್ಲಿಗೆ ಸೇರುವವರು 12ರಲ್ಲಿ ಓದಿದ ವಿಷಯಗಳಲ್ಲೇ ಸಿಯುಇಟಿ ಬರೆದಿರಬೇಕು. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಬೇಕೇ ಬೇಕು. 11ರಲ್ಲಿ ಗಣಿತ ಬಿಟ್ಟ ವಾಣಿಜ್ಯ ವಿದ್ಯಾರ್ಥಿಗೆ ಎಷ್ಟು ಅಂಕ ಬಂದರೂ ಆ ಬಾಗಿಲು ತೆರೆಯದು. ಪರೀಕ್ಷೆ ನಡೆಸುವವರ ನಿಯಮ, ಸೀಟು ಕೊಡುವವರ ನಿಯಮ ಎರಡೂ ಬೇರೆ ಎಂಬುದನ್ನು ವಿದ್ಯಾರ್ಥಿ ಅರ್ಥ ಮಾಡಿಕೊಳ್ಳಬೇಕು.

ಪ್ರವೇಶ ಪರೀಕ್ಷೆಯ ಗುಂಗಿನಲ್ಲಿ ಬೋರ್ಡ್ ಪರೀಕ್ಷೆಯನ್ನು ಬಿಟ್ಟುಕೊಡುವುದೂ ದುಬಾರಿ. ಜೆಇಇ ಮೇನ್ ಮೂಲಕ ಎನ್‌ಐಟಿ ಸೇರಲು 12ರಲ್ಲಿ ಶೇ.75 ಅಂಕ ಅಥವಾ ಆಯಾ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿ ಸ್ಥಾನ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ.65. ಕರ್ನಾಟಕದ ಎಂಜಿನಿಯರಿಂಗ್ ರ್‍ಯಾಂಕ್‌ನಲ್ಲಿ ಸಿಇಟಿ ಅಂಕಕ್ಕೆ ಅರ್ಧ, ದ್ವಿತೀಯ ಪಿಯುಸಿ ಅಂಕಕ್ಕೆ ಅರ್ಧ ತೂಕ.

ಆದ್ಯತಾ ಪಟ್ಟಿ ಮಾತ್ರ ವಿದ್ಯಾರ್ಥಿಯದೇ ಆಗಿರಬೇಕು. ನಾಲ್ಕು ವರ್ಷ ಆ ತರಗತಿಯಲ್ಲಿ ಕೂರುವವರು ಅವರು. ಪೋಷಕರು ಪ್ರಶ್ನೆ ಕೇಳಲಿ, ಅನುಭವ ಹೇಳಲಿ, ಹಣದ ಮಿತಿ ತಿಳಿಸಲಿ. ಆದರೆ ಮಗು ಮಲಗಿದ ಮೇಲೆ ಲಾಗಿನ್ ಆಗಿ ಕ್ರಮ ಬದಲಿಸುವ ಕೆಲಸಕ್ಕೆ ಹೋಗಬಾರದು.

ಶಾಲೆ ಏನು ಮಾಡಬೇಕು?

ಸಿಬಿಎಸ್‌ಇ ಶಾಲೆಗಳಲ್ಲಿ ಬೋರ್ಡ್ ನೋಂದಣಿ ನಡೆಯುವುದು 9 ಮತ್ತು 11ನೇ ತರಗತಿಯಲ್ಲಿ. ಅಲ್ಲಿ ದಾಖಲಾದ ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕವೇ ಮುಂದೆ ಅಂಕಪಟ್ಟಿಗೆ ಬರುತ್ತವೆ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ನಮ್ಮ ಪದ್ಧತಿಗೂ ಉತ್ತರದ ಉಪನಾಮ ಪದ್ಧತಿಗೂ ಹೊಂದದೆ, ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರಾಗುವುದುಂಟು. ನೋಂದಣಿಗೆ ಮುನ್ನ ವಿವರಗಳನ್ನು ಮನೆಗೆ ಕಳಿಸಿ ಒಪ್ಪಿಗೆ ಪಡೆಯುವುದು ಶಾಲೆಯ ಹೊಣೆ, ಅದನ್ನು ಅಕ್ಷರ ಅಕ್ಷರ ನೋಡಿ ಸಹಿ ಹಾಕುವುದು ಮನೆಯವರ ಹೊಣೆ. ನಂತರದ ತಿದ್ದುಪಡಿಯೂ ಶಾಲೆಯ ಮೂಲಕವೇ ಬೋರ್ಡಿಗೆ ಹೋಗಬೇಕು.

ವ್ಯಾಸಂಗ ಪ್ರಮಾಣಪತ್ರ, ವರ್ಗಾವಣೆ ಪತ್ರ, ನಡತೆ ಪ್ರಮಾಣಪತ್ರಗಳನ್ನು ಸಕಾಲಕ್ಕೆ ಕೊಡುವುದು, 10 ಮುಗಿದಾಗಲೇ ವಿಷಯಗಳ ಆಯ್ಕೆಯ ಪರಿಣಾಮ ತಿಳಿಸುವುದು ಕೂಡ ಶಾಲೆಯಿಂದ ನಿರೀಕ್ಷಿಸಬಹುದಾದ ಕೆಲಸಗಳು. ಆದರೆ ಕರ್ನಾಟಕದ ಸಿಇಟಿ ಷರತ್ತುಗಳನ್ನು ದೆಹಲಿಯ ಶಾಲೆಯ ಶಿಕ್ಷಕರು ತಿಳಿದಿರಬೇಕೆಂದು ಅಪೇಕ್ಷಿಸಲಾಗದು. ಅದು ಮನೆಯವರೇ ಕೆಇಎ ಕೈಪಿಡಿ ಓದಿ ತಿಳಿಯಬೇಕಾದದ್ದು.

ಹಾಜರಾತಿ ಇಲ್ಲದೆ ಹೆಸರು ಮಾತ್ರ ದಾಖಲಿಸಿಕೊಳ್ಳುವ 'ಡಮ್ಮಿ' ಶಾಲೆಗಳ ವಿಷಯದಲ್ಲಿ ಪೋಷಕರಿಗೂ ಪಾಲಿದೆ. ಸಿಬಿಎಸ್‌ಇ ಇಂಥ ಶಾಲೆಗಳ ಮಾನ್ಯತೆಯನ್ನು ಹಿಂದಕ್ಕೆ ಪಡೆದ ಉದಾಹರಣೆಗಳಿವೆ. ಮೇಲಾಗಿ, ಹೆಸರು ಬೇರೆ ರಾಜ್ಯದ ಶಾಲೆಯಲ್ಲಿದ್ದರೆ ತವರು ರಾಜ್ಯದ ಕೋಟಾವೂ ಆ ರಾಜ್ಯಕ್ಕೇ ಹೋಗುತ್ತದೆ.

ಸೈಬರ್ ಸೆಂಟರ್, ಕೋಚಿಂಗ್ ಸಂಸ್ಥೆಗೆ ಎಷ್ಟು ಬಿಡಬಹುದು?

ಟೈಪ್ ಮಾಡುವುದು, ಸ್ಕ್ಯಾನ್ ಮಾಡುವುದು, ಫೋಟೊ ಅಳತೆಗೆ ತರುವುದು ಬೇರೆಯವರಿಂದ ಮಾಡಿಸಬಹುದು. ಆದರೆ ನೋಂದಣಿಗೆ ಕೊಡುವ ಮೊಬೈಲ್ ಸಂಖ್ಯೆ, ಇಮೇಲ್ ವಿದ್ಯಾರ್ಥಿಯದ್ದೋ ಪೋಷಕರದ್ದೋ ಆಗಿರಲೇಬೇಕು. ಒಟಿಪಿ ಬರುವುದು, ಸೀಟು ಹಂಚಿಕೆಯ ಸೂಚನೆ ಬರುವುದು ಅಲ್ಲಿಗೇ. ಪಾಸ್‌ವರ್ಡ್ ಮನೆಯಲ್ಲಿರಲಿ. 'ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆ, ಮುಂಗಡ ಕೊಡಿ' ಎನ್ನುವವರಿಗೆ ಹಣವನ್ನಾಗಲಿ ಮೂಲ ದಾಖಲೆಯನ್ನಾಗಲಿ ಕೊಡಬೇಡಿ. ಶುಲ್ಕ ಯಾವಾಗಲೂ ಸಂಸ್ಥೆಯ ಅಥವಾ ಪ್ರಾಧಿಕಾರದ ಖಾತೆಗೇ ಹೋಗಲಿ.

ಸೀಟು ಸಿಕ್ಕ ದಿನ

ಇಲ್ಲಿ ಮೂವರೂ ಒಟ್ಟಿಗೆ ಎಚ್ಚರವಿರಬೇಕು. ಕೆಇಎ ನಾಲ್ಕು ಆಯ್ಕೆ ಕೊಡುತ್ತದೆ. ಮೊದಲನೆಯದು ಸೀಟು ಒಪ್ಪಿ ಕಾಲೇಜು ಸೇರುವುದು. ಎರಡನೆಯದು ಇದನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆದ್ಯತೆಗೆ ಕಾಯುವುದು. ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ಅಂತರ ತಿಳಿಯದೆ ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ.

ಐಐಟಿ, ಎನ್‌ಐಟಿಗಳ ಜೋಸಾ ಕೌನ್ಸೆಲಿಂಗ್‌ನಲ್ಲಿ ಫ್ರೀಜ್, ಫ್ಲೋಟ್, ಸ್ಲೈಡ್ ಎಂಬ ಮೂರು ಮಾರ್ಗಗಳಿವೆ. ಫ್ರೀಜ್ ಎಂದರೆ ಇದೇ ಸಾಕು. ಫ್ಲೋಟ್ ಎಂದರೆ ಯಾವುದೇ ಸಂಸ್ಥೆಯ ಮೇಲಿನ ಆದ್ಯತೆಗೆ ಸಿದ್ಧ. ಸ್ಲೈಡ್ ಎಂದರೆ ಅದೇ ಸಂಸ್ಥೆಯೊಳಗೆ ಬೇರೆ ವಿಭಾಗಕ್ಕೆ ಮಾತ್ರ. ದಾಖಲೆ ಬಗ್ಗೆ ಅಧಿಕಾರಿಗಳು ಕೇಳಿದ ಪ್ರಶ್ನೆಗೆ ಗಡುವಿನೊಳಗೆ ಉತ್ತರಿಸದಿದ್ದರೆ ಸೀಟು ರದ್ದಾಗುತ್ತದೆ. ದೆಹಲಿ ವಿವಿಯಲ್ಲಿ ಹಂಚಿಕೆಯಾದ ಸೀಟನ್ನು ನಿಗದಿತ ಸಮಯದಲ್ಲಿ ಒಪ್ಪದಿದ್ದರೆ ಅದನ್ನು ನಿರಾಕರಣೆ ಎಂದೇ ಪರಿಗಣಿಸಲಾಗುತ್ತದೆ. ಆದ್ದರಿಂದ ಈ ವಾರಗಳಲ್ಲಿ ವಿದ್ಯಾರ್ಥಿ ದಿನವೂ ಲಾಗಿನ್ ಆಗಿ ನೋಡಬೇಕು, ಪೋಷಕರು ಶುಲ್ಕದ ಹಣವನ್ನು ಖಾತೆಯಲ್ಲಿ ಇಟ್ಟುಕೊಂಡಿರಬೇಕು.

ಕಾಲೇಜಿಗೂ ಹೊಣೆಯಿದೆ

ಬೇರೆ ಕಡೆ ಸೀಟು ಸಿಕ್ಕು ಬಿಡಬೇಕಾಗಿ ಬಂದಾಗ ಕಾಲೇಜು ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಯುಜಿಸಿ 2018ರ ಅಧಿಸೂಚನೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮೂಲ ದಾಖಲೆ ಪರಿಶೀಲಿಸಿ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ಪ್ರತಿಗಳನ್ನಷ್ಟೇ ಇಟ್ಟುಕೊಳ್ಳಬೇಕು.

ಶುಲ್ಕ ಹಿಂದಿರುಗಿಸಲು ಅದೇ ಅಧಿಸೂಚನೆಯಲ್ಲಿ ಕ್ರಮವಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ, ಕೊನೆಯ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ.90, ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಶೇ.80, ಅನಂತರ 30 ದಿನದವರೆಗೆ ಶೇ.50. ಅದಾದ ಮೇಲೆ ಏನೂ ಸಿಗದು. ಕೆಲವು ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ಸೂಚನೆಯನ್ನೂ ಹೊರಡಿಸುತ್ತದೆ. ಸೀಟು ಬಿಡುವುದನ್ನು ಬಾಯಿಮಾತಿನಲ್ಲಿ ಹೇಳದೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ದಿನಾಂಕವೇ ನಿಮ್ಮ ಹಣವನ್ನು ನಿರ್ಧರಿಸುತ್ತದೆ.

ಯಾವಾಗ ಏನು?

* 9ನೇ ತರಗತಿ: ಹೆಸರು, ಜನ್ಮದಿನಾಂಕ, ಆಧಾರ್ ಹೊಂದಾಣಿಕೆ. ಶಾಲೆ ಮತ್ತು ಪೋಷಕರು.
* 10 ಮುಗಿಯುವಾಗ: ಯಾವ ರಾಜ್ಯದಲ್ಲಿ 12 ಮುಗಿಸಬೇಕು, ಯಾವ ವಿಷಯ ಎಂಬ ತೀರ್ಮಾನ. ಪೋಷಕರು ಮತ್ತು ವಿದ್ಯಾರ್ಥಿ.
* 11ನೇ ತರಗತಿ: ಪೋಷಕರ ವ್ಯಾಸಂಗ ಪ್ರಮಾಣಪತ್ರ, ಮೂಲ ಜಾತಿ ದಾಖಲೆ ಸಂಗ್ರಹ, ಕನ್ನಡ ಓದು-ಬರಹದ ಅಭ್ಯಾಸ. ಪೋಷಕರು ಮತ್ತು ವಿದ್ಯಾರ್ಥಿ.
* 12ನೇ ತರಗತಿ: ಪ್ರವೇಶ ಪರೀಕ್ಷೆಗಳ ಅರ್ಜಿ, ವಿಷಯಗಳ ಆಯ್ಕೆ. ವಿದ್ಯಾರ್ಥಿ ತುಂಬಿ, ಪೋಷಕರು ಓದಿ ಒಪ್ಪಬೇಕು.
* ಏಪ್ರಿಲ್ ನಂತರ: ಆ ವರ್ಷದ ಆದಾಯ, ಕೆನೆಪದರ ಪ್ರಮಾಣಪತ್ರ. ಪೋಷಕರು.
* ಫಲಿತಾಂಶದ ನಂತರ: ಆದ್ಯತಾ ಪಟ್ಟಿ ಮತ್ತು ದಿನವೂ ಲಾಗಿನ್ ವಿದ್ಯಾರ್ಥಿಯದು, ಶುಲ್ಕ ಪೋಷಕರದು, ವರ್ಗಾವಣೆ ಪತ್ರ ಶಾಲೆಯದು.

ಅರ್ಹತಾ ಷರತ್ತುಗಳು ಪ್ರತಿ ವರ್ಷವೂ ಅಷ್ಟಿಷ್ಟು ಬದಲಾಗುತ್ತವೆ. ಪಕ್ಕದ ಮನೆಯವರ ಅನುಭವಕ್ಕಿಂತ ಆ ವರ್ಷದ ಅಧಿಕೃತ ಕೈಪಿಡಿಯನ್ನೇ ನಂಬಿ. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಹಾಕಿ ಗೋಡೆಗೆ ಅಂಟಿಸಿ. ಹೆಸರಿಲ್ಲದ ಕೆಲಸ ಒಂದೂ ಉಳಿಯದಿದ್ದರೆ, ಮಕ್ಕಳು ಓದಿನ ಕಡೆ ನಿಶ್ಚಿಂತೆಯಿಂದ ಗಮನ ಕೊಡಬಹುದು.